ಬಂಡೆಯೂ ಸರಿದಿದೆ ಎಂದಿತು ಸ್ಕ್ಯಾನ್

ಹಂಪಿ ಸೀಮೆಯ ಒಂದು ತೆರೆದ ಮಂಟಪ. ಅದರ ಮೊದಲ ಲೇಸರ್ ಸ್ಕ್ಯಾನನ್ನೂ ಕೆಲವು ವರ್ಷಗಳ ನಂತರದ ಸ್ಕ್ಯಾನನ್ನೂ ಹೋಲಿಸಿ, ಯಾವುದು ಎಷ್ಟು ಸರಿದಿದೆ ಎಂದು ಬಣ್ಣದಲ್ಲಿ ತೋರಿಸುವ ಡೀವಿಯೇಷನ್ ಮ್ಯಾಪ್ ಮೀಟಿಂಗಿನ ಪರದೆ ಮೇಲೆ ಬಂತು. ಹಸಿರೆಂದರೆ ಸರಿದಿಲ್ಲ, ಕೆಂಪೆಂದರೆ ಸರಿದಿದೆ. ನೆಲ ಹಸಿರು, ಚಾವಣಿ ಹಸಿರು, ಪೂರ್ವದ ಸಾಲಿನ ಕಂಬಗಳೆಲ್ಲ ಕೆಂಪು: 12 ಮಿಮೀ ಹೊರಕ್ಕೆ. ಸ್ಕ್ಯಾನ್ ಕೂಡಿಸಿದ್ದರ (ರಿಜಿಸ್ಟ್ರೇಷನ್) ರಿಪೋರ್ಟಿನಲ್ಲಿ ಸರಾಸರಿ ದೋಷ 2 ಮಿಮೀ ಅಂತಿತ್ತು. ನೋಡನೋಡುತ್ತಿದ್ದಂತೆ ಮಾತು ಆಸರೆಗೆ ಸ್ಟೀಲ್ ಪ್ರಾಪ್ ತರಿಸುವವರೆಗೆ ಹೋಯಿತು. ಪ್ರಾಪ್ ಕೊಡುವುದು ಸಣ್ಣ ವಿಷಯವಲ್ಲ. ಗಾರೆಯಿಲ್ಲದೆ ಬರೀ ತನ್ನ ಭಾರದಿಂದಲೇ ಐನೂರು ವರ್ಷ ನಿಂತ ಕಲ್ಲುಗಳವು. ತಪ್ಪು ಜಾಗದಲ್ಲಿ ಜ್ಯಾಕ್ ಎತ್ತಿದರೆ ತೊಲೆಯ ಭಾರ ಬೇರೆ ಕಡೆ ಜಾರಿ ಕಂಬದ ತಲೆಯ ಬೋದಿಗೆಯ ಅಂಚು ಸಿಡಿಯಬಹುದು.

ಸುಳಿವು ಸಿಕ್ಕಿದ್ದು ಮ್ಯಾಪಿನ ಮೂಲೆಯಲ್ಲಿ, ಕ್ರಾಪ್ ಮಾಡದೆ ಉಳಿದಿದ್ದ ತುಣುಕಿನಲ್ಲಿ. ಮಂಟಪದ ಪಕ್ಕದಲ್ಲೇ ನೆಲದಿಂದೆದ್ದ ಬಂಡೆಯೊಂದಿದೆ. ಅದರ ಮೇಲ್ಮೈ ಹಸಿರು, ಕಡಿದಾದ ಪಕ್ಕ ಮಾತ್ರ ಕೆಂಪು. ಅದೂ ಸುಮಾರು 12 ಮಿಮೀ, ಅದೇ ದಿಕ್ಕಿಗೆ. ಕಂಬಗಳನ್ನು ದೊಡ್ಡದು ಮಾಡಿ ನೋಡಿದರೆ ಬುಡದಲ್ಲೂ ತಲೆಯಲ್ಲೂ ಒಂದೇ ಅಂತರ. ನಿಜವಾಗಿ ವಾಲಿದ ಕಂಬ ಬುಡದಲ್ಲಿ ಹಸಿರಿದ್ದು ಮೇಲೆ ಹೋದಂತೆ ಹಳದಿ, ಕೆಂಪು ಆಗುತ್ತದೆ. ಕೋನ, ದೂರ ಅಳೆಯುವ ಟೋಟಲ್ ಸ್ಟೇಷನ್ ಇಟ್ಟು ಎರಡು ಕಂಬಗಳ ಬುಡ ಮತ್ತು ತಲೆ ಅಳೆದಾಗ ವಾಲಿಕೆಯ ಗುರುತೇ ಇರಲಿಲ್ಲ. ಸರಿದದ್ದು ಪಾಯಿಂಟ್ ಕ್ಲೌಡಿನ, ಅಂದರೆ ಸ್ಕ್ಯಾನರ್ ಅಳೆದ ಬಿಂದುಗಳ ರಾಶಿಯ, ಒಂದು ಭಾಗ.

ಹೀಗೇಕಾಗುತ್ತದೆ ಎಂಬುದನ್ನು ಈ ಕೆಲಸಕ್ಕೆ ಇಳಿಯುವವರೆಲ್ಲ ಸರಿಯಾಗಿ ತಿಳಿದುಕೊಳ್ಳಬೇಕು. ತೆರೆದ ಮಂಟಪದಲ್ಲಿ ಗೋಡೆಯಿಲ್ಲ. ಟ್ರೈಪಾಡ್ ಮೇಲಿನ ಸ್ಕ್ಯಾನರ್ ಹಿಡಿಯುವ ಬಿಂದುಗಳಲ್ಲಿ ಬಹುಪಾಲು ನೆಲದವು, ಚಾವಣಿಯವು. ಕ್ಲೌಡ್-ಟು-ಕ್ಲೌಡ್ ರಿಜಿಸ್ಟ್ರೇಷನ್ ಎರಡು ಸ್ಕ್ಯಾನ್‌ಗಳನ್ನು ಹತ್ತಿರದ ಬಿಂದುಗಳ ಅಂತರ ಕಡಿಮೆಯಾಗುವಂತೆ ಕೂಡಿಸುತ್ತದೆ. ನೆಲದ ಮೇಲೆ ನೆಲವನ್ನು ಅಡ್ಡಡ್ಡಲಾಗಿ ಎಷ್ಟು ಜಾರಿಸಿದರೂ ಆ ಅಂತರ ಹೆಚ್ಚುವುದಿಲ್ಲ. ಹಾಗಾಗಿ ಎತ್ತರ ಗಟ್ಟಿಯಾಗಿ ನಿಲ್ಲುತ್ತದೆ, ಅಡ್ಡ ದಿಕ್ಕನ್ನು ಹಿಡಿಯಲು ಕಂಬಗಳಷ್ಟೇ ಉಳಿಯುತ್ತವೆ. ಲಕ್ಷಾಂತರ ನೆಲದ ಬಿಂದುಗಳು ಚೆನ್ನಾಗಿ ಕೂತಿದ್ದರಿಂದ ಸರಾಸರಿ 2 ಮಿಮೀ ಬರುತ್ತದೆ, ಕಂಬಗಳ ಜಾರಿಕೆ ಆ ಸರಾಸರಿಯಲ್ಲಿ ಮುಳುಗಿಹೋಗುತ್ತದೆ. ಡೀವಿಯೇಷನ್ ಮ್ಯಾಪಿನಲ್ಲಿ ನೆಲ ಹಸಿರು ಕಂಡದ್ದೂ ಇದೇ ಕಾರಣಕ್ಕೆ. ಅಂತರವನ್ನು ಮೇಲ್ಮೈಗೆ ಲಂಬವಾಗಿ ಅಳೆಯುವಾಗ ಅಡ್ಡ ಜಾರಿದ ನೆಲ ಜಾರಿದಂತೆ ಕಾಣುವುದೇ ಇಲ್ಲ. ಮೀಟಿಂಗಿನಲ್ಲಿ "ನೆಲ ಸರಿಯಾಗಿ ಕೂತಿದೆಯಲ್ಲ" ಎಂದು ಎಲ್ಲರೂ ನಂಬಿದ್ದು ಇದನ್ನೇ.

ಇದರ ಜೊತೆಗೆ ಕಂಬಗಳು ಒಂದೇ ಅಳತೆಯವು, ಕಂಬಗಳ ನಡುವಿನ ಅಂಕಣಗಳೂ ಒಂದೇ ಅಗಲದವು. ಆರಂಭದ ಅಂದಾಜು ಅರ್ಧ ಅಂಕಣಕ್ಕಿಂತ ಹೆಚ್ಚು ತಪ್ಪಿದ್ದರೆ ಸಾಫ್ಟ್‌ವೇರ್ ಪಕ್ಕದ ಕಂಬವನ್ನೇ ಈ ಕಂಬವೆಂದು ಹಿಡಿಯುತ್ತದೆ. ಅದು ದೊಡ್ಡ ತಪ್ಪಾದ್ದರಿಂದ ಕಣ್ಣಿಗೆ ಬೀಳುತ್ತದೆ. ಅಪಾಯ ಇರುವುದು ಸಣ್ಣದರಲ್ಲಿ. ಒಂದರ ಹಿಂದೆ ಒಂದು ಸ್ಕ್ಯಾನ್ ಸರಪಳಿಯಂತೆ ಕಟ್ಟುತ್ತಾ ಹೋಗಿ, ಸುತ್ತು ಹಾಕಿ ಮೊದಲನೆಯದಕ್ಕೆ ಕೊಂಡಿ ಕೊಡದೆ ಬಿಟ್ಟರೆ, ಪ್ರತಿ ಕೊಂಡಿಯ 2–3 ಮಿಮೀ ಒಂದೇ ಕಡೆ ಸೇರುತ್ತದೆ. ಆ ಮಂಟಪದಲ್ಲಿ ಪೂರ್ವದ ಸಾಲು ಸರಪಳಿಯ ತುದಿಯಲ್ಲಿತ್ತು. ಮೊದಲ ಸಲ ಸ್ಕ್ಯಾನ್ ಕೂಡಿಸಲು ಗುರುತಾಗುವ ಟಾರ್ಗೆಟ್‌ಗಳನ್ನು ಕಂಬಕ್ಕೆ ಅಂಟಿಸಿ ಕೆಲಸವಾದ ಮೇಲೆ ಕಿತ್ತಿದ್ದರು, ಶಾಶ್ವತ ಬಿಂದು ಒಂದೂ ಇರಲಿಲ್ಲ. ಎರಡನೇ ಸಲದ ತಂಡಕ್ಕೆ ಹಳೆಯ ಕ್ಲೌಡಿಗೆ ಐಸಿಪಿಯಲ್ಲಿ (ಮೇಲೆ ಹೇಳಿದ, ಹತ್ತಿರದ ಬಿಂದು ಹೊಂದಿಸುವ ವಿಧಾನದಲ್ಲಿ) ಕೂಡಿಸುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಆದ್ದರಿಂದ ಕಂಟ್ರೋಲ್ (ಸ್ಥಾನ ಗೊತ್ತಿರುವ ಶಾಶ್ವತ ಬಿಂದುಗಳು) ಮೊದಲು, ಸ್ಕ್ಯಾನರ್ ಆಮೇಲೆ. ಸ್ಮಾರಕದ ಕಲ್ಲಿಗೆ ಡ್ರಿಲ್ ಹಾಕುವಂತಿಲ್ಲ. ಪುರಾತತ್ವ ಇಲಾಖೆಯ ಒಪ್ಪಿಗೆ ಪಡೆದು ಸುತ್ತಲಿನ ಗಟ್ಟಿ ಬಂಡೆಯಲ್ಲಿ, ಇಲ್ಲವೇ ಈಚಿನ ಕಾಂಕ್ರೀಟಿನಲ್ಲಿ, ಸ್ಟೇನ್‌ಲೆಸ್ ಸ್ಟೀಲ್ ಪಿನ್ ಕೂರಿಸಬೇಕು. ನಾಲ್ಕಕ್ಕಿಂತ ಕಡಿಮೆ ಬೇಡ, ಒಂದು ಹೋದರೂ ಮೂರು ಉಳಿಯಬೇಕು. ಪ್ರತಿ ಪಿನ್ನಿಗೂ ಫೋಟೋ, ಮೂರು ಗುರುತುಗಳಿಂದ ಟೇಪ್ ಅಳತೆ, ಒಂದು ಕೈ ನಕ್ಷೆ. ಪಿನ್ನಿಂದ ಪಿನ್ನಿಗೆ ಟೋಟಲ್ ಸ್ಟೇಷನ್ ಟ್ರಾವರ್ಸ್ (ಸರಣಿ ಅಳತೆ) ಮುಗಿಸಿ, ಅದು ಕ್ಲೋಸ್ ಆದ ಮೇಲೆಯೇ, ಅಂದರೆ ಹೊರಟ ಪಿನ್ನಿಗೇ ಲೆಕ್ಕ ಸರಿಯಾಗಿ ಮರಳಿದ ಮೇಲೆಯೇ, ಸ್ಕ್ಯಾನರ್ ಪೆಟ್ಟಿಗೆ ತೆರೆಯುವುದು. ಮಂಟಪದ ಒಳಗೆ ಉಪಗ್ರಹದಿಂದ ಬರುವ ಜಿಎನ್‌ಎಸ್‌ಎಸ್ ಸಿಗ್ನಲ್ ನಂಬುವಂತಿಲ್ಲ. ಟಾರ್ಗೆಟ್ ಮತ್ತು ಗುರುತಿನ ಗೋಲ ಸ್ಫಿಯರ್‌ಗಳನ್ನು ಸ್ಟ್ಯಾಂಡಿನ ಮೇಲೆ ಇಡಿ. ವಿರೂಪಾಕ್ಷ ದೇಗುಲದ ರಂಗಮಂಟಪದಂಥ ಕಡೆ, ಚಾವಣಿಯಲ್ಲಿ ಚಿತ್ರಗಳಿರುವಲ್ಲಿ, ಅಂಟು ತಾಗಿಸುವ ಮಾತೇ ಇಲ್ಲ. ಸ್ಕ್ಯಾನರ್ ಇಡುವ ಪ್ರತಿ ಎರಡು ಸ್ಟೇಷನ್‌ಗಳ ನಡುವೆ ಕನಿಷ್ಠ ಮೂರು ಟಾರ್ಗೆಟ್ ಸಮಾನವಾಗಿರಬೇಕು, ಅವು ಒಂದೇ ಗೆರೆಯಲ್ಲಿರಬಾರದು, ಒಂದೇ ಎತ್ತರದಲ್ಲೂ ಬೇಡ.

ಇನ್ನು ಕೆಲವು ಟಾರ್ಗೆಟ್‌ಗಳನ್ನು ರಿಜಿಸ್ಟ್ರೇಷನ್‌ಗೆ ಕೊಡದೆ ಬಚ್ಚಿಡಿ. ಎಲ್ಲ ಮುಗಿದ ಮೇಲೆ ಅವುಗಳ ಸ್ಥಾನವನ್ನು ಕ್ಲೌಡಿನಲ್ಲಿ ಓದಿ ಟೋಟಲ್ ಸ್ಟೇಷನ್ ಲೆಕ್ಕದೊಂದಿಗೆ ಹೋಲಿಸಿ. ರಿಪೋರ್ಟಿನಲ್ಲಿ ಕೊಡಬೇಕಾದ ಅಂಕಿ ಅದೇ. ಎರಡು ಸಲದ ದೋಷ ತಲಾ 3 ಮಿಮೀ ಇದ್ದರೆ ಕೂಡಿ ಬರುವುದು 4 ಮಿಮೀಗೆ ತುಸು ಮೇಲೆ. ಶೇ 95ರ ಖಾತ್ರಿ ಬೇಕೆಂದರೆ ಅದರ ದುಪ್ಪಟ್ಟು, 8 ಮಿಮೀಗಿಂತ ಹೆಚ್ಚು. ಅದಕ್ಕಿಂತ ಚಿಕ್ಕ ಚಲನೆಗೆ ಮ್ಯಾಪಿನಲ್ಲಿ ಬಣ್ಣ ಕೊಡುವುದೇ ತಪ್ಪು. ಬೂದು ಬಿಡಿ.

ಕಲ್ಲು ಬದಲಾದರೆ ಸ್ಕ್ಯಾನಿನ ವರ್ತನೆಯೂ ಬದಲಾಗುತ್ತದೆ. ಹಂಪಿಯ ಒರಟು ಗ್ರಾನೈಟ್ ಬೆಳಕನ್ನು ಚೆನ್ನಾಗಿ ಹಿಂದಿರುಗಿಸುತ್ತದೆ. ಹಜಾರರಾಮ ದೇಗುಲದ ಒಳಗಿನ ನಾಲ್ಕು ನಯಗೊಳಿಸಿದ ಕಪ್ಪು ಕಂಬಗಳು ಹಾಗಲ್ಲ: ಲೇಸರ್ ಓರೆಯಾಗಿ ಬಿದ್ದರೆ ಆಚೆ ಸಿಡಿದು ಹೋಗುತ್ತದೆ, ವಾಪಸು ಬಂದದ್ದರಲ್ಲಿ ನಾಯ್ಸ್. ಅಂಥ ಕಂಬಕ್ಕೆ ಹೆಚ್ಚು ಸ್ಟೇಷನ್ ಕೊಟ್ಟು ಲೇಸರ್ ನೇರವಾಗಿ ಬಿದ್ದ ಬಿಂದುಗಳನ್ನಷ್ಟೇ ಉಳಿಸಿಕೊಳ್ಳಬೇಕು. ವಿಜಯ ವಿಠ್ಠಲ ದೇಗುಲದ ಕಂಬಗಳ ಕಷ್ಟ ಬೇರೆ. ಒಂದೇ ಕಲ್ಲಿನಲ್ಲಿ ಬಿಡಿಸಿದ ಸಣ್ಣ ಕಂಬಗಳ ಹಿಂದಿನ ಸಂದಿ, ಮುಂಚಾಚಿದ ಸೂರಾದ ಕಪೋತದ ಅಡಿಭಾಗ, ಬೋದಿಗೆಯ ಮೇಲ್ಮೈ ಟ್ರೈಪಾಡಿನ ಎತ್ತರಕ್ಕೆ ಕಾಣುವುದೇ ಇಲ್ಲ. ಅಲ್ಲಿ ಫೋಟೋಗ್ರಾಮೆಟ್ರಿ, ಅಂದರೆ ಹಲವು ಫೋಟೋಗಳಿಂದ ಅಳತೆ ತೆಗೆಯುವ ವಿಧಾನ, ಬೇಕು. ಫುಲ್ ಫ್ರೇಮ್ 24 ಮೆಗಾಪಿಕ್ಸೆಲ್ ಕ್ಯಾಮೆರಾ, 35 ಮಿಮೀ ಲೆನ್ಸ್, 3 ಮೀಟರ್ ದೂರ ಎಂದರೆ ಒಂದು ಪಿಕ್ಸೆಲ್ ಕಲ್ಲಿನ ಮೇಲೆ ಸುಮಾರು ಅರ್ಧ ಮಿಮೀ. ಓವರ್‌ಲ್ಯಾಪ್ ಶೇ 70–80, ಫೋಕಸ್ ಲಾಕ್, ಸ್ಕೇಲ್ ಬಾರ್ ಚೌಕಟ್ಟಿನೊಳಗೆ, ಚಿತ್ರ ರಾ ಫೈಲಿನಲ್ಲಿ. ಬಿಸಿಲು ನೇರ ಬೀಳುವಾಗ ತೆಗೆದರೆ ನೆರಳು ಮಾಡೆಲಿನ ಮೇಲಿನ ಬಣ್ಣದಲ್ಲಿ (ಟೆಕ್ಸ್ಚರಿನಲ್ಲಿ) ಅಂಟಿ ಕೂರುತ್ತದೆ. ಇಟ್ಟಿಗೆ-ಗಾರೆಯ ಗೋಪುರದ ಮೇಲ್ಭಾಗಕ್ಕೆ ಅನುಮತಿಯಿದ್ದರೆ ಡ್ರೋನ್. ಹೆಜ್ಜೇನು ಕಟ್ಟಿದ್ದರೆ ಆ ದಿನ ಹಾರಿಸಲೇಬೇಡಿ, ಕೆಳಗೆ ಪ್ರವಾಸಿಗರಿರುತ್ತಾರೆ.

ಮ್ಯಾನೇಜ್‌ಮೆಂಟ್ ಮೇಲೆ ನನ್ನ ತಕರಾರು ಇಲ್ಲಿದೆ. ಟೆಂಡರಿನಲ್ಲಿ ಕೇಳುವುದು "ಫೋಟೋರಿಯಲಿಸ್ಟಿಕ್ 3ಡಿ ಮಾಡೆಲ್" ಮತ್ತು ಫ್ಲೈ-ಥ್ರೂ ವಿಡಿಯೋ. ತೂತಿರುವ ಮೆಶ್ (ತ್ರಿಕೋನಗಳಿಂದ ಹೆಣೆದ ಮೇಲ್ಮೈ) ವಿಡಿಯೋದಲ್ಲಿ ಚೆನ್ನಾಗಿ ಕಾಣುವುದಿಲ್ಲ, ಹಾಗಾಗಿ ಪಾಯ್ಸನ್ ಎಂಬ ಮೇಲ್ಮೈ ಕಟ್ಟುವ ಲೆಕ್ಕ ಹಾಕಿ ಎಲ್ಲ ಮುಚ್ಚುತ್ತಾರೆ. ಪಾಯ್ಸನ್ ಕಾಣದ ಜಾಗದಲ್ಲಿ ಮೇಲ್ಮೈಯನ್ನು ತಾನೇ ಊಹಿಸಿ ಹೊಲಿಯುತ್ತದೆ. ಮುರಿದ ಮೊಣಕೈ ಮೊಂಡಾಗಿ ಗುಂಡಗಾಗುತ್ತದೆ, ಎರಡು ಕಲ್ಲಿನ ನಡುವಿನ ಬಿರುಕು ಮುಚ್ಚಿಹೋಗುತ್ತದೆ. ಸಂರಕ್ಷಣೆಯವರು ಹುಡುಕುವುದು ಆ ಬಿರುಕನ್ನೇ! ಊಹಿಸಿದ ತ್ರಿಕೋನಗಳಿಗೆ ಬೇರೆ ಬಣ್ಣ ಕೊಟ್ಟ ಒಂದು ಪ್ರತಿಯನ್ನು ಕಡ್ಡಾಯ ಮಾಡಬೇಕು. ಬಿಂದು ಸಾಂದ್ರತೆಯ ಮ್ಯಾಪೂ ಜೊತೆಗಿರಲಿ.

ಹಸ್ತಾಂತರದ ಡಿಸ್ಕಿನಲ್ಲಿ ಸ್ಕ್ಯಾನರಿನ ಮೂಲ ಫೈಲುಗಳು, ರಿಜಿಸ್ಟರ್ ಆದ ಕ್ಲೌಡ್ ಇ57 ಎಂಬ ಫೈಲ್ ರೂಪದಲ್ಲಿ, ರಾ ಚಿತ್ರಗಳು, ಕಂಟ್ರೋಲ್ ಬಿಂದುಗಳ ಪಟ್ಟಿ ಸಾದಾ ಟೆಕ್ಸ್ಟಿನಲ್ಲಿ, ಸ್ಟೇಷನ್ ನಕ್ಷೆ, ಬಚ್ಚಿಟ್ಟ ಟಾರ್ಗೆಟ್‌ಗಳ ದೋಷ, ಇಷ್ಟೂ ಇರಬೇಕು. ಪ್ಯಾರಿಸ್ಸಿನ ನೋತ್ರ್‌ ದಾಮ್ ಅನ್ನು ಲೇಸರಿನಲ್ಲಿ ಸ್ಕ್ಯಾನ್ ಮಾಡಿದ ಆಂಡ್ರ್ಯೂ ಟ್ಯಾಲನ್ 2018ರಲ್ಲಿ ತೀರಿಕೊಂಡರು, ಬೆಂಕಿ ಬಿದ್ದದ್ದು 2019ರ ಏಪ್ರಿಲ್‌ನಲ್ಲಿ. ಅವರ ಡೇಟಾ ತೆರೆದು ಕೆಲಸ ಮಾಡಿದವರು ಬೇರೆಯವರು, ಟ್ಯಾಲನ್ ಅವರನ್ನೇ ಕೇಳಿ ತಿಳಿಯುವ ಅವಕಾಶ ಯಾರಿಗೂ ಇರಲಿಲ್ಲ. ಹತ್ತು ವರ್ಷದ ನಂತರ ಹಂಪಿಯ ಫೈಲ್ ತೆರೆಯುವವರಿಗೂ ನಾವು ಸಿಗದಿರಬಹುದು.

ಮೇಲೆ ಹೇಳಿದಂತೆ ಪಿನ್ ಕೂರಿಸಿದ ನಂತರ ಆ ಮಂಟಪಕ್ಕೆ ಮತ್ತೆ ಹೋಗುವ ತಂಡ ಮೊದಲು ಪಿನ್‌ಗಳ ನಡುವಿನ ಅಂತರ ಅಳೆಯಲಿ. ಯಾವುದಾದರೂ ಒಂದು ಪಿನ್ 3 ಮಿಮೀಗಿಂತ ಹೆಚ್ಚು ತಪ್ಪಿದರೆ ಅದನ್ನು ಲೆಕ್ಕದಿಂದ ಬಿಟ್ಟು, ಉಳಿದವುಗಳಿಂದ ಟ್ರಾವರ್ಸ್ ಮತ್ತೆ ಕ್ಲೋಸ್ ಮಾಡಲಿ. ಹೋಲಿಕೆಯ ಮ್ಯಾಪಿನಲ್ಲಿ ಆ ಬಂಡೆಯ ಕಡಿದಾದ ಪಕ್ಕವನ್ನು ಕ್ರಾಪ್ ಮಾಡದೆ ಇಡಲಿ.