ಬಣ್ಣದ ಚೀಟಿ

ಅಮೆರಿಕದಲ್ಲಿ 1880ರ ದಶಕದವರೆಗೂ ಮತಚೀಟಿಯನ್ನು ಸರ್ಕಾರ ಅಚ್ಚು ಹಾಕಿಸುತ್ತಿರಲಿಲ್ಲ, ಗೊತ್ತಾ? ಪಕ್ಷಗಳೇ ಅಚ್ಚು ಹಾಕಿಸಿ ಹಂಚುತ್ತಿದ್ದವು. ಎಷ್ಟೋ ಕಡೆ ಒಂದೊಂದು ಪಕ್ಷದ್ದು ಒಂದೊಂದು ಬಣ್ಣ. ಯಾರು ಯಾವ ಚೀಟಿ ಹಾಕಿದರು ಅಂತ ದೂರದಿಂದಲೇ ಕಾಣುತ್ತಿತ್ತು. ದುಡ್ಡು ಕೊಟ್ಟವನಿಗೂ ಕಾಣುತ್ತಿತ್ತು, ಕೆಲಸ ಕೊಟ್ಟ ಧಣಿಗೂ ಕಾಣುತ್ತಿತ್ತು. ನಿನ್ನೆ ರಾತ್ರಿ ಇದನ್ನು ಓದಿ ತುಂಬಾ ಹೊತ್ತು ನಿದ್ದೆ ಬರಲಿಲ್ಲ.

ಆಸ್ಟ್ರೇಲಿಯಾದಲ್ಲಿ 1856ರಲ್ಲೇ ಗುಟ್ಟಿನ ಮತದಾನ ಬಂದಿತ್ತು. ಅದೇ ಪದ್ಧತಿಯನ್ನು 1888ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ತಂದಿತು. ಎಲ್ಲರ ಹೆಸರೂ ಒಂದೇ ಚೀಟಿಯಲ್ಲಿ, ಸರ್ಕಾರದ ಖರ್ಚಿನಲ್ಲಿ. ಒಂದು ಹುದ್ದೆಗೆ ಈ ಪಕ್ಷ, ಇನ್ನೊಂದಕ್ಕೆ ಆ ಪಕ್ಷ ಅಂತ ಆರಿಸುವುದು ಸುಲಭವಾಯಿತು. ಪಕ್ಷಗಳ ಹಿಡಿತ ಸಡಿಲವಾಯಿತು.

ಆದರೆ ಓದು ಬಾರದವರು? ಮೊದಲು ಬಣ್ಣ ನೋಡಿ ಹಾಕುತ್ತಿದ್ದರು. ಈಗ ಬರೀ ಅಕ್ಷರ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರನ್ನು ಹೊರಗಿಡಲು ಇದನ್ನೇ ಬಳಸಿಕೊಂಡರು. ಇದು ನನಗೆ ಜಾಸ್ತಿ ನೋವು ಕೊಟ್ಟಿತು.

ನಮ್ಮಲ್ಲಿ 1951-52ರ ಮೊದಲ ಚುನಾವಣೆಯಲ್ಲೇ ಚಿಹ್ನೆ ಇತ್ತಲ್ವಾ? ಸಹಿ ಮಾಡಲು ಬಾರದ ನಮ್ಮಜ್ಜಿ, ಯಾರನ್ನೂ ಕೇಳದೆ, ತನಗೆ ಬೇಕಾದ ಚಿಹ್ನೆಗೇ ಮತ ಹಾಕಿ ಬರುತ್ತಿದ್ದರು. ಯಾವುದಕ್ಕೆ ಅಂತ ಕೊನೆವರೆಗೂ ಹೇಳಲಿಲ್ಲ.