ಎನ್‌ಸಿಆರ್‌ಬಿ ಅಂಕಿಅಂಶ ಇದೆಯಲ್ಲ, ಇನ್ನೇನು ಸಂಶೋಧನೆ?

ಆನ್‌ಲೈನ್ ಅಪರಾಧದ ಮೇಲೆ ಪಿಎಚ್‌ಡಿ ಮಾಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಉತ್ತರ ಎನ್‌ಸಿಆರ್‌ಬಿ, ಅಂದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯೊಳಗೇ ಇದೆ. 2023ರಲ್ಲಿ ದೇಶದಲ್ಲಿ ದಾಖಲಾದ 86,420 ಸೈಬರ್ ಪ್ರಕರಣಗಳಲ್ಲಿ ಕರ್ನಾಟಕದವೇ 21,889. ಜನಸಂಖ್ಯೆಯಲ್ಲಿ ನಮ್ಮ ಮೂರು ಪಟ್ಟಿರುವ ಉತ್ತರ ಪ್ರದೇಶದ್ದು 10,794. ಅಲ್ಲಿಯವರು ಮೋಸ ಹೋಗುವುದೇ ಕಡಿಮೆ ಎಂದು ನಂಬಬೇಕೆ?

ಎನ್‌ಸಿಆರ್‌ಬಿ ಎಣಿಸುವುದು ಎಫ್‌ಐಆರ್‌ಗಳನ್ನು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಕೊಟ್ಟ ದೂರು ಠಾಣೆಯಲ್ಲಿ ಎಫ್‌ಐಆರ್ ಆಗುವ ತನಕ ಆ ಲೆಕ್ಕಕ್ಕೆ ಬರುವುದಿಲ್ಲ. ಕರ್ನಾಟಕದಲ್ಲಿರುವಂತೆ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳಿಗೆಂದೇ ಸಿಇಎನ್ ಠಾಣೆಗಳಿರುವ ಕಡೆ ದಾಖಲಾತಿ ಏರುವುದು ಸಹಜ. ಮೇಲಾಗಿ ದೂರು ದಾಖಲಾಗುವುದು ಹಣ ಕಳೆದುಕೊಂಡವರ ಊರಿನಲ್ಲಿ. ಕರೆ ಮಾಡಿದ ವಂಚಕ ಜಾರ್ಖಂಡಿನ ಜಾಮ್ತಾರಾದಲ್ಲೋ ಕಾಂಬೋಡಿಯಾದಲ್ಲೋ ಕೂತಿರಬಹುದು. ಹಾಗಾಗಿ 'ಬೆಂಗಳೂರು ಸೈಬರ್ ಕಳ್ಳರ ರಾಜಧಾನಿ' ಎಂಬ ತಲೆಬರಹ ಲೆಕ್ಕವನ್ನೇ ತಲೆಕೆಳಗಾಗಿ ಓದಿದಂತೆ.

ಇನ್ನೊಂದು ತೊಡಕು ಕಲಮುಗಳದ್ದು. ಓಟಿಪಿ ವಂಚನೆ, ಪಾರ್ಟ್‌ಟೈಮ್ ಕೆಲಸದ ಆಮಿಷ, ಪೊಲೀಸರ ಸೋಗಿನಲ್ಲಿ ವಿಡಿಯೊ ಕರೆಯಲ್ಲೇ ಬೆದರಿಸುವ ಡಿಜಿಟಲ್ ಅರೆಸ್ಟ್ ಎಲ್ಲಕ್ಕೂ ಐಟಿ ಕಾಯ್ದೆಯ 66ಸಿ (ಗುರುತಿನ ಕಳವು), 66ಡಿ (ಬೇರೆಯವರ ಸೋಗಿನಲ್ಲಿ ವಂಚನೆ) ಬಿದ್ದಿರುತ್ತವೆ. ಜೊತೆಗೆ ವಂಚನೆಯ ಕಲಮು ಐಪಿಸಿ 420. 2024ರ ಜುಲೈ 1ರಿಂದ ಈಚಿನ ಕೃತ್ಯವಾದರೆ ಐಪಿಸಿಯ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 318(4). ಕಲಮು ನೋಡಿ ವಂಚನೆಯ ಬಗೆ ಹೇಳಲಾಗದು. ದೂರಿನ ಒಕ್ಕಣೆಯನ್ನೇ ಓದಬೇಕು.

ಹಾಗಾಗಿ ಕೆಲಸ ಶುರುವಾಗುವುದು ಎಫ್‌ಐಆರ್ ಪ್ರತಿಗಳಿಂದ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವನ್ನು ವೆಬ್‌ಸೈಟಿಗೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದೆ. ಹೆಸರು, ಖಾತೆ ಸಂಖ್ಯೆ ಅಳಿಸಿದ ಮೇಲೆಯೇ ಹಾಳೆಗೆ ಇಳಿಸುವುದು. ಕಾಲಂಗಳು ಹತ್ತು ಹನ್ನೆರಡು ಸಾಕು: ಮೊದಲ ಸಂಪರ್ಕ ವಾಟ್ಸಾಪೋ ಟೆಲಿಗ್ರಾಮೋ, ಎಷ್ಟು ಕಂತಿನಲ್ಲಿ ಹಣ ಹೋಯಿತು, ಕೃತ್ಯಕ್ಕೂ ದೂರಿಗೂ ನಡುವೆ ಎಷ್ಟು ದಿನ. ಮೊದಲ 50 ಎಫ್‌ಐಆರ್‌ಗಳನ್ನು ಇಬ್ಬರು ಬೇರೆಬೇರೆಯಾಗಿ ವಿಂಗಡಿಸಿ ಕಪ್ಪಾ, ಅಂದರೆ ಇಬ್ಬರ ವಿಂಗಡಣೆ ಎಷ್ಟು ಹೊಂದುತ್ತದೆ ಎಂಬ ಅಳತೆ, ಲೆಕ್ಕ ಹಾಕಬೇಕು. 0.7ಕ್ಕಿಂತ ಕೆಳಗಿದ್ದರೆ ದೋಷ ಸಾಮಾನ್ಯವಾಗಿ ವ್ಯಾಖ್ಯೆಯದ್ದು. ಹೂಡಿಕೆ ವಂಚನೆ ಎಲ್ಲಿ ಮುಗಿದು ಕೆಲಸದ ಆಮಿಷ ಎಲ್ಲಿ ಶುರುವಾಗುತ್ತದೆ ಎಂದು ಬರೆದಿಟ್ಟಿರುವುದಿಲ್ಲ. ಸಣ್ಣ ಕೆಲಸ ಕೊಟ್ಟು ಆಮೇಲೆ ಹಣ ಹಾಕಿಸಿಕೊಳ್ಳುವ ಟೆಲಿಗ್ರಾಮ್ 'ಟಾಸ್ಕ್' ವಂಚನೆ ಎರಡರಲ್ಲೂ ಕಾಲಿಟ್ಟಿರುತ್ತದೆ.

ಅಪರಾಧಿಯ ಬಗ್ಗೆ ಎಫ್‌ಐಆರ್ ಹೇಳುವುದು 'ಅಪರಿಚಿತ ವ್ಯಕ್ತಿ' ಎಂದಷ್ಟೇ. ಅದಕ್ಕೆ ದೋಷಾರೋಪ ಪಟ್ಟಿಗಳತ್ತ ಹೋದರೆ ಅಲ್ಲಿ ಸಿಗುವವರಲ್ಲಿ ಅನೇಕರು ಬ್ಯಾಂಕ್ ಖಾತೆ ಬಾಡಿಗೆಗೆ ಕೊಟ್ಟವರು, ಕರೆ ಮಾಡಿದವರಲ್ಲ. ಅವರ ವಯಸ್ಸು, ಓದನ್ನು ಕೂಡಿಸಿ 'ಸೈಬರ್ ಅಪರಾಧಿಯ ಚಹರೆ' ಎಂದು ಅಧ್ಯಾಯ ಬರೆದರೆ, ಪಿಎಚ್‌ಡಿಯ ಮೌಖಿಕ ಪರೀಕ್ಷೆಯಲ್ಲಿ (ವೈವಾ) ಪರೀಕ್ಷಕರು ಮೊದಲು ಕೆದಕುವುದು ಅದನ್ನೇ.