ಮೇಕ್ ಮುಗಿಯಿತು, ಪೈಥಾನ್ ಮಾತ್ರ ಅರ್ಧ ಬಂದಿತ್ತು

ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯನ್ನು ಸೋರ್ಸ್ ಕೋಡ್‌ನಿಂದ ತಾವೇ ಬಿಲ್ಡ್ ಮಾಡುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಸ್ಕ್ರೀನಿನ ಕೊನೆಯ ಸಾಲನ್ನು ನಂಬಬೇಡಿ. ಅಲ್ಲಿ 'ಸಕ್ಸಸ್‌ಫುಲಿ ಇನ್‌ಸ್ಟಾಲ್ಡ್ ಪಿಪ್' ಅಂತ ಇರುತ್ತದೆ. ಪಿಪ್ ಅಂದರೆ ಪೈಥಾನಿಗೆ ಬೇಕಾದ ಪ್ಯಾಕೇಜ್‌ಗಳನ್ನು ನೆಟ್‌ನಿಂದ ತಂದು ಹಾಕುವ ಟೂಲ್. ಒಳಗೆ ನೆಟ್ ಜೊತೆ ಸುರಕ್ಷಿತವಾಗಿ ಮಾತಾಡಲು ಬೇಕಾದ ಎಸ್‌ಎಸ್‌ಎಲ್ ಮಾಡ್ಯೂಲೇ ಇಲ್ಲದಿರಬಹುದು.

ಕಲಬುರಗಿ ಗಂಜಿನ ಒಂದು ದಾಲ್ ಮಿಲ್, ತೊಗರಿ ಸೀಸನ್. ವೇ ಬ್ರಿಡ್ಜ್ ಪಕ್ಕದ ರೂಮಿನ ಸರ್ವರ್‌ನಲ್ಲಿ ಇನ್ನೂ ಸೆಂಟ್‌ಓಎಸ್ 7 ಅನ್ನುವ ಹಳೆಯ ಲಿನಕ್ಸ್. ಅದರ ಸಪೋರ್ಟ್ 2024ರ ಜೂನ್ 30ಕ್ಕೇ ನಿಂತಿದೆ. ಅದರ ಪ್ಯಾಕೇಜ್ ಸಿಗುವ ರೆಪೊಗಳು ವಾಲ್ಟ್ ಅನ್ನುವ ಹಳೆ ವರ್ಷನ್‌ಗಳ ಸಂಗ್ರಹ ಸೇರಿವೆ, ಅಲ್ಲಿ ಸಿಗುವುದು ಪೈಥಾನ್ 3.6. ತೂಕದ ಚೀಟಿ ಕೊಡುವ ನಮ್ಮ ಹೊಸ ಸಾಫ್ಟ್‌ವೇರ್‌ಗೆ 3.11 ಬೇಕು. ಸೀಸನ್ ಮುಗಿಯುವ ತನಕ ಓಎಸ್ ಮುಟ್ಟಬೇಡಿ ಅಂದರು ಮಾಲೀಕರು. ಅದು ಸರಿಯಾದ ಮಾತೇ. ಆದರೆ ನಮ್ಮ ಮ್ಯಾನೇಜರ್ "ಡೌನ್‌ಲೋಡ್ ಮಾಡಿ ಹಾಕೋದಷ್ಟೇ ಅಲ್ವಾ" ಅಂತ ನಮ್ಮನ್ನು ಕೇಳದೆಯೇ ಮರುದಿನ ಬೆಳಗ್ಗೆ ಲೈವ್ ಅಂತ ಮಾತು ಕೊಟ್ಟುಬಿಟ್ಟಿದ್ದರು.

ರಾತ್ರಿ ಕೂತು ಸೋರ್ಸ್‌ನಿಂದ ಬಿಲ್ಡ್ ಮಾಡುವ ಮೂರು ಹಂತ, ಅಂದರೆ ಕಾನ್ಫಿಗರ್, ಮೇಕ್, ಆಲ್ಟ್‌ಇನ್‌ಸ್ಟಾಲ್ ಮುಗಿಸಿದೆವು. ವರ್ಷನ್ ಕೇಳಿದರೆ 3.11 ಅಂತ ತೋರಿಸಿತು. ಪ್ಯಾಕೇಜ್ ಹಾಕುವುದು ಚಿಕ್ಕ ಕೆಲಸ, ಬೆಳಗ್ಗೆ ಮಾಡೋಣ ಅಂದುಕೊಂಡೆ.

ಬೆಳಗ್ಗೆ ಗೇಟ್ ತೆಗೆಯುವ ಹೊತ್ತಿಗೆ ಪಿಪ್ ಓಡಿಸಿದೆ. ಎಸ್‌ಎಸ್‌ಎಲ್ ಮಾಡ್ಯೂಲ್ ಲಭ್ಯವಿಲ್ಲ ಅಂತ ಕೆಂಪು ಅಕ್ಷರದ ಸಾಲುಗಳು. ಮತ್ತೆ ಓಡಿಸಿದೆ, ಅದೇ ಸಾಲು. ಹೊರಗೆ ಟ್ರ್ಯಾಕ್ಟರ್ ಹಾರ್ನ್. ಮುನೀಮರು ಬಾಗಿಲಲ್ಲಿ ಬಂದು ನಿಂತು, "ಗಾಡಿ ಸಾಲು ಹಚ್ಚಿ ನಿಂತಾವ್ರಿ ಸರ್, ಚೀಟಿ ಯಾವಾಗ ಬರ್ತದ?" ಅಂತ ಕೇಳಿದರು. ಜೊತೆಗಿದ್ದ ಹುಡುಗ ಕೀಬೋರ್ಡ್ ಎಳೆದುಕೊಂಡು, "ಅಣ್ಣ, ಸಿಸ್ಟಮ್ ಪೈಥಾನ್ ಲಿಂಕನ್ನೇ ಹೊಸದಕ್ಕೆ ತಿರುಗಿಸ್ಲೇನ್?" ಅಂದ. ಕೈ ಹಿಡಿದು ತಡೆದೆ. ಸೆಂಟ್‌ಓಎಸ್ 7ರಲ್ಲಿ ಪ್ಯಾಕೇಜ್ ಹಾಕುವ ಯಮ್ ಕಮಾಂಡ್ ನಡೆಯುವುದೇ ಪೈಥಾನ್ 2 ಮೇಲೆ. ಆ ಲಿಂಕ್ ತಿರುಗಿಸಿದರೆ ಯಮ್ ಅಲ್ಲೇ ಸಿಂಟ್ಯಾಕ್ಸ್ ಎರರ್ ಕೊಟ್ಟು ಕೂರುತ್ತದೆ. ಆಮೇಲೆ ಒಂದು ಪ್ಯಾಕೇಜೂ ಹಾಕಲಾಗುವುದಿಲ್ಲ.

ಹೊಸ ಪೈಥಾನನ್ನು ಆಪ್ಟ್ ಫೋಲ್ಡರ್‌ನಲ್ಲಿ ಬೇರೆಯಾಗಿ ಹಾಕಿದ್ದರಿಂದ ಹಳೆಯ 3.6ಕ್ಕೆ ಏನೂ ಆಗಿರಲಿಲ್ಲ. ಹಳೆ ಸಾಫ್ಟ್‌ವೇರನ್ನೇ ಮತ್ತೆ ಎಬ್ಬಿಸಿದೆ. ಪ್ರಿಂಟರ್‌ನಿಂದ ಮೊದಲ ಚೀಟಿ ಹೊರಗೆ ಬಂದಾಗಲೇ ನಾನು ಕುರ್ಚಿಗೆ ಒರಗಿದ್ದು.

ಆಮೇಲೆ ಟರ್ಮಿನಲ್ ಮೇಲಕ್ಕೆ ಸ್ಕ್ರೋಲ್ ಮಾಡುತ್ತಾ ಹೋದೆ. ಫೈಲ್ ಕಾಪಿ ಆದ ಸಾಲುಗಳು, ಕಂಪೈಲ್ ಆದ ಸಾಲುಗಳು, ಮುಗಿಯುವುದೇ ಇಲ್ಲ. ಅವುಗಳ ನಡುವೆ ಸಿಕ್ಕಿತು: ಎಸ್‌ಎಸ್‌ಎಲ್ ಬಿಲ್ಡ್ ಆಗಿಲ್ಲ, ಅದಕ್ಕೆ ಆಧಾರವಾದ ಓಪನ್‌ಎಸ್‌ಎಸ್‌ಎಲ್ ಲೈಬ್ರರಿ 1.1.1 ಅಥವಾ ಅದಕ್ಕಿಂತ ಹೊಸದು ಬೇಕು. ಸೆಂಟ್‌ಓಎಸ್ 7ರಲ್ಲಿರುವುದು 1.0.2. ಪೈಥಾನ್ 3.10ರಿಂದಲೇ ಈ ನಿಯಮ ಇದೆ. ಇಷ್ಟಾದರೂ ಮೇಕ್ ಎರರ್ ಕೊಟ್ಟು ನಿಲ್ಲುವುದಿಲ್ಲ, ಯಾಕೆಂದರೆ ಎಸ್‌ಎಸ್‌ಎಲ್ ಅದರ ಲೆಕ್ಕದಲ್ಲಿ ಆಪ್ಷನಲ್ ಮಾಡ್ಯೂಲ್. ಪಿಪ್ ಸೋರ್ಸ್ ಜೊತೆಯಲ್ಲೇ ಬರುವುದರಿಂದ ನೆಟ್ ಇಲ್ಲದೆಯೂ ಇನ್‌ಸ್ಟಾಲ್ ಆಗುತ್ತದೆ. ಆದರೆ ಅದರಿಂದ ಏನನ್ನೂ ಇಳಿಸಿಕೊಳ್ಳಲಾಗುವುದಿಲ್ಲ. ಇದು ನನಗೆ ಇವತ್ತಿಗೂ ಸಿಟ್ಟು ತರಿಸುವ ಸಂಗತಿ. ನೆಟ್‌ನಿಂದ ಏನೂ ತರಲಾಗದ ಪಿಪ್ ಯಾರಿಗೆ ಬೇಕು?

ಓಪನ್‌ಎಸ್‌ಎಸ್‌ಎಲ್ 3 ಕೂಡ ಸೋರ್ಸ್‌ನಿಂದಲೇ ಬಿಲ್ಡ್ ಮಾಡಬೇಕಾಯಿತು. ಅದರಲ್ಲೂ ಒಂದು ಕೊಕ್ಕೆ. 64 ಬಿಟ್ ಲಿನಕ್ಸ್‌ನಲ್ಲಿ ಅದು ಲೈಬ್ರರಿಗಳನ್ನು 'ಲಿಬ್64' ಫೋಲ್ಡರ್‌ಗೆ ಹಾಕುತ್ತದೆ, ಪೈಥಾನಿನ ಕಾನ್ಫಿಗರ್ ಹುಡುಕುವುದು ಬರೀ 'ಲಿಬ್'ನಲ್ಲಿ. ಲಿಬ್‌ಡಿರ್ ಆಯ್ಕೆಗೆ 'ಲಿಬ್' ಅಂತ ಕೊಟ್ಟು ಮತ್ತೆ ಬಿಲ್ಡ್ ಮಾಡಿದೆ. ಪೈಥಾನಿಗೆ ಆ ದಾರಿ ತೋರಿಸಿ, ಓಡುವಾಗಲೂ ಲೈಬ್ರರಿಯನ್ನು ಅಲ್ಲೇ ಹುಡುಕಲಿ ಅಂತ ಆರ್‌ಪಾತ್ ಆಯ್ಕೆಯನ್ನು 'ಆಟೋ' ಅಂತ ಇಟ್ಟ ಮೇಲೆ ಇಂಪೋರ್ಟ್ ಎಸ್‌ಎಸ್‌ಎಲ್ ಸದ್ದಿಲ್ಲದೆ ಮುಗಿಯಿತು.

ಈಗ ನಮ್ಮ ಬಿಲ್ಡ್ ಸ್ಕ್ರಿಪ್ಟ್ ಇನ್‌ಸ್ಟಾಲ್ ಆದ ತಕ್ಷಣ ಎಸ್‌ಎಸ್‌ಎಲ್, ಎಸ್‌ಕ್ಯೂಲೈಟ್, ಜೆಡ್‌ಲಿಬ್, ಸಿಟೈಪ್ಸ್ ಅನ್ನುವ ನಾಲ್ಕೂ ಮಾಡ್ಯೂಲ್‌ಗಳನ್ನು ಇಂಪೋರ್ಟ್ ಮಾಡಿ ನೋಡುತ್ತದೆ. ಒಂದು ಬರದಿದ್ದರೂ ಅಲ್ಲೇ ನಿಲ್ಲುತ್ತದೆ. ಮಿಲ್‌ಗೆ ಹೋಗುವ ಮೊದಲು ಅದೇ ಸೆಂಟ್‌ಓಎಸ್ 7 ಇರುವ ವರ್ಚುವಲ್ ಮೆಷಿನ್‌ನಲ್ಲಿ ಪೂರ್ತಿ ಓಡಿಸುತ್ತೇವೆ. ಇದಕ್ಕೆ ಪ್ಲ್ಯಾನ್‌ನಲ್ಲಿ ಬೇರೆ ಟೈಮ್ ಇಡಿ ಅಂತ ಮ್ಯಾನೇಜರ್‌ಗೆ ಮೇಲ್ ಹಾಕಿದ್ದೇನೆ. ಸುಮ್ನೆ 'ನೋಡೋಣ' ಅಂದಿದ್ದಾರೆ. ಬರೆದು ಕೊಡುವವರೆಗೂ ನಾನು ಕೇಳುತ್ತಲೇ ಇರುತ್ತೇನೆ.